ಕೆಳಗಿನ ಸಾಲು

ಉಗುರು ಹಾಕುವ ಮುನ್ನ ಅಕ್ಕ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ನೋಡುವವರು ಯಾರೂ ಇರಲಿಲ್ಲ. ಇಳಿಜಾರಿನ ಬುಡದಲ್ಲಿ ಬುಲ್ಡೋಜರೊಂದು ಮೂತಿಯನ್ನು ನೆಲಕ್ಕೂರಿ ನಿಂತಿತ್ತು. ಅದರ ನೆರಳಿನಲ್ಲಿ ಅದನ್ನು ಓಡಿಸುವವನು ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ಅವಳು ಮಂಡಿಯೂರಿ ಕೂತು, ಕಡ್ಡಿಯ ಹಾಗೆ ನಿಂತಿದ್ದ ಗಿಡದ ಬುಡವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಇಷ್ಟೇ ಇಷ್ಟು ಕೆರೆದಳು. ಒಳಗೆ ಹಸಿರು ಕಂಡರೆ ಜೀವವಿದೆ ಎಂದರ್ಥ, ಕಂದು ಕಂಡರೆ ಮುಗಿಯಿತು. ಈ ಗಿಡದಲ್ಲಿ ಕಂಡದ್ದು ಹಸಿರೂ ಅಲ್ಲ, ಕಂದೂ ಅಲ್ಲ, ನಡುವಿನ ಇನ್ನೇನೋ. ನಿನ್ನೆ ಇದೇ ಗಿಡ ಹಸಿರು ತೋರಿಸಿತ್ತಲ್ಲ? ಅಥವಾ ಅದು ಪಕ್ಕದ್ದೋ? ಅವಳು ತುಸು ಮೇಲೆ, ಇನ್ನೊಂದು ಜಾಗದಲ್ಲಿ, ಮತ್ತೆ ಕೆರೆದಳು.

ಕೆರೆಯಬೇಡಿ ಎಂದು ಮೇಷ್ಟ್ರು ಒಂದು ಸಲವಲ್ಲ, ಹತ್ತು ಸಲ ಹೇಳಿದ್ದರು. ಮೇಷ್ಟ್ರು ಎಂದರೆ ಶಾಲೆಯವರಲ್ಲ. ಈ ಇಳಿಜಾರಿನಲ್ಲಿ ಗಿಡ ಎಬ್ಬಿಸುವ ಕೆಲಸಕ್ಕೆ ಮೇಲ್ವಿಚಾರಕರು, ವಯಸ್ಸಿನಲ್ಲಿ ಅಕ್ಕನ ಮಗನಾಗಬಹುದಾದವರು. ಯಾವ ಮಾತನ್ನೂ 'ಯಾಕೆ ಅಂದ್ರೆ' ಎಂದೇ ಶುರು ಮಾಡುತ್ತಿದ್ದುದರಿಂದ ಆಳುಗಳು ಆ ಹೆಸರಿಟ್ಟಿದ್ದರು. ಬೇಸಗೆಯಲ್ಲಿ ಈ ಗಿಡಗಳು ಎಲೆ ಉದುರಿಸಿ, ಜೀವವನ್ನೆಲ್ಲ ಬೇರಿಗಿಳಿಸಿಕೊಂಡು ಸತ್ತ ಹಾಗೆ ಬಿದ್ದಿರುತ್ತವೆ, ಆ ಹೊತ್ತಿನಲ್ಲಿ ಮೈಮೇಲೆ ಗಾಯವಾದರೆ ಮಾಯಿಸಿಕೊಳ್ಳುವ ತ್ರಾಣ ಅವಕ್ಕಿರುವುದಿಲ್ಲ ಎಂದು ಅವರು ಬಿಡಿಸಿ ಬಿಡಿಸಿ ಹೇಳಿದ್ದರು. ಅಕ್ಕ ತಲೆಯಾಡಿಸಿದ್ದಳು. ಅವತ್ತು ಸಂಜೆ ಮನೆಗೆ ಹೋದವಳೇ ಹತ್ತೂ ಬೆರಳಿನ ಉಗುರು ಕತ್ತರಿಸಿಕೊಂಡಳು. ಮರುದಿನ ಬೆಳಿಗ್ಗೆ ತಲೆಯಿಂದ ಹೇರ್‌ಪಿನ್ ತೆಗೆದು ಅದರಿಂದ ಕೆರೆದಳು. ಏನು ಮಾಡುವುದು, ಬುದ್ಧಿಗೆ ಹೇಳಿದ್ದು ಕೈಗೂ ಕೇಳಿಸಬೇಕಲ್ಲ.

ಆ ನೆಲದ ಕಥೆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮರಳುಗಾಡೇ ಆದರೂ ಮೊದಲು ಅಲ್ಲಿ ಮೊಣಕಾಲೆತ್ತರದ ಬೂದುಬಣ್ಣದ ಕುರುಚಲು ಗಿಡಗಳಿದ್ದವು. ನೋಡಲು ಚಂದವಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಕಲ್ಲಿನ ಕಂಪನಿ ಬಂತು, ನೆಲದ ಚರ್ಮ ಸುಲಿಯಿತು, ವರ್ಷಾನುಗಟ್ಟಲೆ ಕಲ್ಲು ತೆಗೆಯಿತು. ಕಲ್ಲು ಮುಗಿದ ಮೇಲೆ ಉಳಿದದ್ದು ದೂಳು. ಸ್ವಲ್ಪ ಗಾಳಿ ಎದ್ದರೆ ಸಾಕು, ಇಡೀ ಇಳಿಜಾರು ಎದ್ದು ಬಂದು ಊರಿನ ಪಾತ್ರೆ, ಹಾಸಿಗೆ, ಮೂಗುಗಳಲ್ಲಿ ಕೂರುತ್ತಿತ್ತು. ಆ ಬೂದು ಗಿಡಗಳು ಏನು ಮಾಡುತ್ತಿದ್ದವು ಎಂಬುದು ಊರಿಗೆ ಆಗ ಗೊತ್ತಾಯಿತು. ಇದ್ದಾಗ ಕಿಮ್ಮತ್ತಿಲ್ಲ ಎನ್ನುವುದು ಬರೀ ಮನುಷ್ಯರ ವಿಷಯದಲ್ಲಿ ಅಲ್ಲ.

ಕಿತ್ತದ್ದನ್ನು ಮತ್ತೆ ನೆಡಬೇಕು ಎಂದು ಸರ್ಕಾರದಿಂದ ಆಜ್ಞೆಯಾಯಿತು. ಮೇಷ್ಟ್ರು ಬಂದರು. ಉದ್ದನೆಯ ಕೊಳವೆಗಳಲ್ಲಿ ಬೆಳೆಸಿದ ಅದೇ ಜಾತಿಯ ಸಸಿಗಳು ಬಂದವು. ಆಳುಗಳು ಇಳಿಜಾರಿನ ತುಂಬ ಗುಂಡಿ ತೋಡಿ ನೆಟ್ಟರು, ಒಂದೊಂದರ ಪಕ್ಕ ಗಾಳಿಗೆ ಅಡ್ಡವಾಗಲೆಂದು ಒಣಗಿದ ಕೊಂಬೆಯೊಂದನ್ನೂ ನೆಟ್ಟಗೆ ಹೂತರು. ಒಣಕೊಂಬೆ ನೆಡುವ ಈ ಸಂಭ್ರಮ ನೋಡಲು ಊರಿನವರು ಬಂದು ನಿಂತು, ಯಾವಾಗ ಹಣ್ಣು ಬಿಡುತ್ತೆ ಎಂದು ಕೇಳಿ ನಕ್ಕು ಹೋದರು. ಒಂದು ವರ್ಷ ಟ್ಯಾಂಕರಿನಲ್ಲಿ ನೀರು ಬಂತು. ಆಮೇಲೆ ನಿಂತಿತು, ಇನ್ನು ಅವು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಎಂದರು ಮೇಷ್ಟ್ರು. ಬೇಲಿ ಕಾಯಲು, ಸೌದೆ ಆಯುವವರನ್ನೂ ಮೇಕೆಗಳನ್ನೂ ಅಟ್ಟಲು ಅಕ್ಕನನ್ನು ಇಟ್ಟುಕೊಂಡರು. ಬೇಸಗೆ ಏರಿ ಎಲೆ ಉದುರಿದ ಮೇಲೆ ಹೂತ ಕೊಂಬೆ ಯಾವುದು, ನೆಟ್ಟ ಗಿಡ ಯಾವುದು ಎಂದು ಗುರುತು ಸಿಗದ ಹಾಗಾಯಿತು. ಒಂದು ದಿನ ಅಕ್ಕ ತಾನು ಕುಡಿಯುವ ನೀರಿನಲ್ಲಿ ಉಳಿದದ್ದನ್ನು ಒಂದು ಒಣಕೊಂಬೆಯ ಬುಡಕ್ಕೆ ಸುರಿದು ಸಿಕ್ಕಿಬಿದ್ದಳು. ಅಕ್ಕ ಹೆಣಕ್ಕೆ ನೀರು ಕುಡಿಸ್ತಾಳೆ ಎಂದು ಆಳುಗಳು ವಾರವಿಡೀ ನಕ್ಕರು. ಅವಳೂ ನಕ್ಕಳು. ಆದರೆ ತನಗೇ ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು?

ತಪಾಸಣೆ ಹತ್ತಿರ ಬಂದಿತ್ತು. ಬೇಸಗೆ ಮುಗಿಯುವ ಮುನ್ನ ದೊಡ್ಡ ಕಚೇರಿಯಿಂದ ಮೇಡಂ ಒಬ್ಬರು ಬರುತ್ತಾರೆ, ಅರ್ಧಕ್ಕಿಂತ ಹೆಚ್ಚು ಗಿಡ ಬದುಕಿದ್ದರೆ ಆ ಜಾಗಕ್ಕೆ ಬೇಲಿ ಖಾಯಂ. ಇಲ್ಲವಾದರೆ ಈ ನೆಲದಲ್ಲಿ ಏನೂ ಬರುವುದಿಲ್ಲ ಎಂದು ಬರೆದುಕೊಟ್ಟು ಕಂಪನಿ ಕೈತೊಳೆದುಕೊಳ್ಳಬಹುದು, ಸಪಾಟು ಮಾಡಿ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಡಬಹುದು. ಕಂಪನಿಗೆ ಅದೆಷ್ಟು ಭರವಸೆ ಎಂದರೆ, ಬುಲ್ಡೋಜರನ್ನು ಮೊದಲೇ ತಂದು ನಿಲ್ಲಿಸಿತ್ತು.

ಇದರಲ್ಲಿ ಅಕ್ಕನಿಗೇನು ಎನ್ನುವಿರಾ? ಅವಳ ಮನೆ ಇಳಿಜಾರಿಗೆ ಎದುರಿನ ಬೀದಿಯ ತುದಿಯದು, ಗಾಳಿ ಮೊದಲು ಬಾಗಿಲು ತಟ್ಟುವುದು ಅವಳದೇ. ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಡ್ರೈವರ್ ಇದ್ದ. ಡ್ರೈವರ್ ಅವಳ ಗಂಡ. ಅದೇ ಕಂಪನಿಯ ಕಲ್ಲಿನ ಲಾರಿಯನ್ನು ಪ್ರಾಯವೆಲ್ಲ ಓಡಿಸಿ, ಶ್ವಾಸಕೋಶದ ತುಂಬ ಆ ಬೆಟ್ಟವನ್ನು ತುಂಬಿಕೊಂಡು ಮನೆಗೆ ಬಂದು ಕೂತಿದ್ದ. ಹೊಸದಾಗಿ ಇನ್ನು ದೂಳು ಹೋಗಬಾರದು, ಹೋದರೆ ನಾನು ಏನೂ ಮಾಡಲಾರೆ ಎಂದು ಡಾಕ್ಟರು ಅವನೆದುರಿಗೇ ಹೇಳಿದ್ದರು. ಬೇರೆ ಊರಿಗೆ ಹೋಗೋಣವೆಂದು ಅವಳು ಕಾಲು ಹಿಡಿದು ಕೇಳಿದ್ದಳು. ಗೊತ್ತಿಲ್ಲದ ಊರಿನಲ್ಲಿ ಕೆಮ್ಮಿದರೆ ಜನ ಅಪಾರ್ಥ ಮಾಡಿಕೊಳ್ಳುತ್ತಾರೆ ಎಂದು ಅವನು ತಮಾಷೆ ಮಾಡಿ ಮಾತು ಮುಗಿಸಿದ್ದ. ಕಿಟಕಿಗಳ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ತುರುಕಿ ಅವಳ ಬೆರಳು ಒಡೆದಿದ್ದವು. ಕಾವಲಿನ ಕೆಲಸಕ್ಕೆ ಅವಳು ಹೋಗಿದ್ದೇ ಇದಕ್ಕಾಗಿ. ಗಿಡ ನಿಂತರೆ ದೂಳು ನಿಲ್ಲುತ್ತದೆ, ದೂಳು ನಿಂತರೆ ಅವನು ಇರುತ್ತಾನೆ. ಲೆಕ್ಕ ಇಷ್ಟೇ.

ಮನೆಯಲ್ಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬೆನ್ನು ಮುಟ್ಟಿ ನೋಡುವುದು, ತುಟಿಯ ಬಣ್ಣ ನೋಡುವುದು, ಹೇಗಿದೆ ಎಂದು ಕೇಳುವುದು.

"ಚೆನ್ನಾಗಿದೆ ಕಣೇ," ಅಂದ ಡ್ರೈವರ್ ಆ ಸಂಜೆ. "ನೀನು ಕೇಳೋಕೆ ಬಂದಾಗಲೆಲ್ಲ ಉತ್ತರ ಹೇಳೋಕೆ ಉಸಿರು ಖರ್ಚಾಗುತ್ತೆ, ಅಷ್ಟೇ ತೊಂದರೆ."

"ಬಾಯಿಗೆ ಬಂದಿದ್ದು ಮಾತಾಡ್ಬೇಡಿ ರೀ."

"ಸರಿ, ನಿನ್ನ ಮಕ್ಕಳು ಹೇಗಿದಾರೆ, ಅದನ್ನಾದ್ರೂ ಹೇಳು. ಇನ್ನೂ ಮಲಗಿದಾರಾ?"

ಮಲಗಿದ್ದಾರೆ ಎಂದಳು. ಗಿಡಗಳನ್ನು ಕೆರೆದದ್ದನ್ನು ಹೇಳಲಿಲ್ಲ. ಎರಡು ದಿನದಿಂದ ಕೆಳಗಿನ ಸಾಲಿನಲ್ಲಿ ಹಸಿರು ಕಾಣುವುದೇ ಅಪರೂಪವಾಗಿದೆ ಎಂಬುದನ್ನಂತೂ ಹೇಳಲೇ ಇಲ್ಲ. ಕೆಳಗಿನ ಸಾಲು ಎಂದರೆ ಗೇಟಿನಿಂದ ಒಳಗೆ ಹೋಗುವ ಕಾಲುದಾರಿಯ ಪಕ್ಕದ್ದು. ಮಂಡಿ ನೋವಿನಿಂದ ಅವಳಿಗೆ ಮೇಲೆ ಹತ್ತಲಾಗುತ್ತಿರಲಿಲ್ಲ, ಹಾಗಾಗಿ ಅವಳ ಬಳಕೆಯೆಲ್ಲ ಕೆಳಗಿನವರ ಜೊತೆ. ಒಂದೊಂದರ ಓರೆಕೋರೆಯೂ ಅವಳಿಗೆ ಗೊತ್ತಿತ್ತು. ಇಷ್ಟು ನೋಡಿಕೊಂಡ ಇವೇ ಹೀಗಾದರೆ, ಯಾರೂ ತಿರುಗಿ ನೋಡದ ಮೇಲಿನವುಗಳ ಗತಿ ಏನು ಎಂದು ಯೋಚಿಸಿದಳು. ಯೋಚನೆ ಎಡವಿದ್ದು ಅಲ್ಲೇ, ಆದರೆ ಆಗ ಅದು ಅವಳಿಗೆ ಹೊಳೆಯಲಿಲ್ಲ.

ತಪಾಸಣೆಗೆ ಎರಡು ದಿನವಿದೆ ಎನ್ನುವಾಗ ಗಾಳಿ ಎದ್ದಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಸಿತು. ಡ್ರೈವರ್ ಮಧ್ಯಾಹ್ನ ಊಟ ಮುಟ್ಟಲಿಲ್ಲ, ಮಾತೂ ಆಡಲಿಲ್ಲ, ಎರಡೂ ಕೈಯನ್ನು ಮಂಡಿಯ ಮೇಲೂರಿ ಬಗ್ಗಿ ಕೂತ. ಆ ಕೂರುವ ಭಂಗಿ ಅವಳಿಗೆ ಗೊತ್ತಿತ್ತು. ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿ, ಗೇಟು ನೋಡಿಕೊಂಡು ಬರುತ್ತೇನೆಂದು ಹೊರಟಳು. ಹೊರಟದ್ದು ಗೇಟು ನೋಡಲಿಕ್ಕಲ್ಲ. ಒಂದು ಕೈಯಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು ಹಿಡಿದು, ಮಂಡಿಯನ್ನು ಬೈಯುತ್ತ, ಇಳಿಜಾರಿನ ಮೇಲಿನ ಭಾಗಕ್ಕೆ ಹತ್ತಿದಳು. ಇವತ್ತು ಗೊತ್ತಾಗಲೇಬೇಕು, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕೆರೆಯುವುದನ್ನು ಅವಳು ನಂಬುವ ಸ್ಥಿತಿಯಲ್ಲಿರಲಿಲ್ಲ. ಒಂದು ಗಿಡದ ಬುಡಕ್ಕೆ ಎರಡೂ ಕೈ ಹಾಕಿ ಎಳೆದಳು.

ಬರಲಿಲ್ಲ. ಸತ್ತದ್ದಾದರೆ ಇಷ್ಟು ಹೊತ್ತಿಗೆ ಕೈಗೆ ಬರಬೇಕಿತ್ತು. ಆಗಲಾದರೂ ಬಿಡಬಾರದಿತ್ತೇ? ಬಿಡಲಿಲ್ಲ. ಕಲ್ಲಿನ ಚೂರಿನಿಂದ ಸುತ್ತಲೂ ಬಗೆದಳು, ಮತ್ತೆ ಎಳೆದಳು. ಮೊಣಕೈ ಉದ್ದದ ಬೇರು ಬಂತು, ಮುಗಿಯಲಿಲ್ಲ. ಇನ್ನೂ ಬಗೆದಳು. ಬೇರು ತೆಳ್ಳಗಾಗುತ್ತ ಒಳಗೆ ಒಳಗೆ ಹೋಗಿತ್ತು. ಬೆವರು ಕಣ್ಣಿಗಿಳಿಯಿತು, ದೂಳು ಹಲ್ಲಿಗೆ ಸಿಕ್ಕಿತು, ಕೊನೆಗೊಂದು ಸಲ ಜಗ್ಗಿದಾಗ ಬೇರು ಪಟ್ಟೆಂದು ತುಂಡಾಗಿ ಅವಳು ಹಿಂದಕ್ಕೆ ಕುಕ್ಕರಿಸಿದಳು. ಕೈಯಲ್ಲಿದ್ದದ್ದು ಅವಳ ಎರಡು ತೋಳಿನಷ್ಟು ಉದ್ದವಿತ್ತು. ತುಂಡಾದ ತುದಿ ಬೆಳ್ಳಗಿತ್ತು, ಮುಟ್ಟಿದರೆ ಒದ್ದೆ. ಪಕ್ಕದಲ್ಲಿ ಹೊಸದಾಗಿ ಒಡೆದ, ದಾರದಂಥ ಮರಿಬೇರು ಒಂದು.

"ಬದುಕಿದ್ಯಲ್ಲೋ," ಅಂದಳು. ಅವಳಿಗೆ ನಗು ಬಂತು. ಬದುಕಿದೆ, ಬದುಕಿದೆ, ಇದು ಬದುಕಿದ್ದರೆ ಅಕ್ಕಪಕ್ಕದವೂ ಬದುಕಿವೆ. ಆಮೇಲೆ ಕೈಯಲ್ಲಿದ್ದದ್ದನ್ನು ನೋಡಿಕೊಂಡಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ಬೇಸಗೆ ಅಷ್ಟು ಆಳಕ್ಕೆ ಒಂಟಿಯಾಗಿ ಇಳಿದು ನೀರು ಹುಡುಕಿಕೊಂಡಿದ್ದ ಗಿಡವನ್ನು ಅವಳು ಅದರ ಕ್ಷೇಮ ವಿಚಾರಿಸಲು ಹೋಗಿ ಕೊಂದಿದ್ದಳು. ತಿರುಗಿ ಗುಂಡಿಗಿಟ್ಟು ಮಣ್ಣು ಮುಚ್ಚಿ ನೋಡಿದಳು, ನಿಲ್ಲಲಿಲ್ಲ. ಕೂತಲ್ಲೇ ಸುತ್ತಲಿನ ಗಿಡಗಳ ಬುಡ ನೋಡಿದಳು. ನಯವಾದ, ಬೂದುಬಣ್ಣದ, ಒಂದು ಗೀರೂ ಇಲ್ಲದ ಬುಡಗಳು. ಕೆಳಗಿನ ಸಾಲು ಕಣ್ಣ ಮುಂದೆ ಬಂತು. ಒಂದರ ಮೇಲೊಂದು ಕೆರೆದ ಗೆರೆ, ಸುತ್ತಲೂ, ಬಳೆ ತೊಡಿಸಿದ ಹಾಗೆ. ಬಿಸಿಲು ಮೇಲೂ ಅದೇ, ಕೆಳಗೂ ಅದೇ. ಹೆಚ್ಚಿಗೆ ಇದ್ದದ್ದು ತಾನೊಬ್ಬಳೇ.

ಕಿತ್ತದ್ದನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಸುರುಳಿ ಸುತ್ತಿ ಮನೆಗೆ ತಂದು ನೀರಿನ ಡ್ರಮ್ಮಿನ ಹಿಂದೆ ಇಟ್ಟಳು. ಮರುದಿನ ಡ್ರೈವರ್, ಗಾಳಿ ನಿಂತು ತುಸು ಗೆಲುವಾಗಿದ್ದವನು, ಅದನ್ನು ಕಂಡು ಇಷ್ಟು ಗಟ್ಟಿ ಹಗ್ಗ ಎಲ್ಲಿ ಸಿಕ್ಕಿತು, ಬಟ್ಟೆ ಒಣಹಾಕಲು ಕಟ್ಟಬಹುದಲ್ಲ ಎಂದ. ಅವಳು ಅದನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ತಪಾಸಣೆಯ ಮೇಡಂ ಮಾತು ಕಮ್ಮಿಯ ಹೆಂಗಸು. ಅಗಲ ಅಂಚಿನ ಟೋಪಿ, ಗಂಡಸರ ಬೂಟು. ಮೇಷ್ಟ್ರು ಹಿಂದಿನ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ, 'ಯಾಕೆ ಅಂದ್ರೆ' ಎಂದು ಎರಡು ಸಲ ಶುರು ಮಾಡಿದರು, ಎರಡು ಸಲವೂ ಮೇಡಂ ಸಾಕೆಂದು ಕೈಯೆತ್ತಿದರು. ಕ್ರಮ ಸರಳವಾಗಿತ್ತು. ಹಗ್ಗ ಎಳೆಯುವುದು, ಹಗ್ಗಕ್ಕೆ ತಾಗಿದ ಗಿಡಗಳನ್ನು ಮಾತ್ರ ನೋಡುವುದು. ಎಳೆ ಕಡ್ಡಿಯನ್ನು ಬಗ್ಗಿಸಿದಾಗ ಬಾಗಿದರೆ ಜೀವ, ಮುರಿದರೆ ಇಲ್ಲ. ಹಗ್ಗ ಎಲ್ಲಿಂದ ಶುರು ಮಾಡಬೇಕು? ಗೇಟಿನಿಂದ. ಗೇಟಿನಿಂದ ಕಾಲುದಾರಿಯ ಗುಂಟ.

ಹಗ್ಗ ಬಿಚ್ಚಿಕೊಳ್ಳುವುದನ್ನೇ ಅಕ್ಕ ನೋಡಿದಳು. ಇಷ್ಟು ದೊಡ್ಡ ಇಳಿಜಾರಿನಲ್ಲಿ ಹಗ್ಗ ಬೀಳಲು ಇದೊಂದೇ ಜಾಗವೇ ಸಿಕ್ಕಿತೇ? ಮೊದಲನೆಯ ಗಿಡದ ಕಡ್ಡಿಯನ್ನು ಮೇಡಂ ಬಗ್ಗಿಸಿದರು. ಟಕ್. ಮುಂದಿನದು. ಟಕ್. ಮೂರನೆಯದು ಬಾಗುವಂತೆ ಮಾಡಿ ಕೊನೆಗೆ ಮುರಿಯಿತು. ಮೇಷ್ಟ್ರ ಮುಖ ಸುಣ್ಣವಾಯಿತು. ಕೆಳಗೆ ಬುಲ್ಡೋಜರಿನವನು ಎದ್ದು ಕೂತು, ಟೋಪಿಯ ದೂಳು ಕೊಡವಿ, ತಲೆಗೆ ಹಾಕಿಕೊಂಡ. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಮೇಡಂ ಬಗ್ಗಿಸುವುದನ್ನೂ ಬಿಟ್ಟು ಬರೀ ಮುಟ್ಟಿ ಮುಂದೆ ಹೋಗತೊಡಗಿದ್ದರು. ಪೆನ್ನು ಕೈಗೆ ಬಂದಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಸಿಲಿಗೆ ಹೋಯಿತು ಎಂದು ಎಲ್ಲರೂ ಬಿಸಿಲನ್ನು ಬೈಯುತ್ತಿದ್ದರು, ಅವಳೂ ಒಂದು ಮಾತು ಸೇರಿಸಬಹುದಿತ್ತು. ಆದರೆ ಸುಮ್ಮನಿದ್ದರೆ ನಾಳೆ ಬುಲ್ಡೋಜರ್ ಮೇಲೆ ಹತ್ತುತ್ತದೆ.

"ಮೇಡಂ, ಬರೀಬೇಡಿ," ಅಂದಳು ಅಕ್ಕ. ಧ್ವನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಈ ಸಾಲು ಬಿಸಿಲಿಗೆ ಸತ್ತಿಲ್ಲ. ನಾನು ಸಾಯಿಸಿದ್ದು."

ಮೇಡಂ ತಿರುಗಿ ನೋಡಿದರು.

"ದಿನಾ ಕೆರೆದು ನೋಡ್ತಿದ್ದೆ. ಬದುಕಿದೆಯೋ ಇಲ್ವೋ ಅಂತ."

ಮೇಡಂ ಮಂಡಿಯೂರಿ ಕೂತು, ಕನ್ನಡಕ ಹಣೆಗೇರಿಸಿ, ಒಂದು ಬುಡದ ಸುತ್ತ ಬೆರಳಾಡಿಸಿದರು. ಉಗುರಿನ ಅಗಲ ಗೆರೆ, ಹೇರ್‌ಪಿನ್ನಿನ ಸಣ್ಣ ಗೆರೆ. ಇನ್ನೊಂದು ಗಿಡ ನೋಡಿದರು, ಮತ್ತೊಂದು. ಯಾರೂ ಬೇಡ ಎನ್ನಲಿಲ್ಲವೇ ಎಂದು ಕೇಳಿದರು. ಅಂದರು, ಮೇಷ್ಟ್ರು ಅಂದರು, ನಾನೇ ಕೇಳಲಿಲ್ಲ ಎಂದಳು ಅಕ್ಕ. ಮೇಷ್ಟ್ರು ನೆಲ ನೋಡುತ್ತ ನಿಂತಿದ್ದರು. ಇವತ್ತು ನಾನು ಹಗ್ಗ ಸರಿಸಿದರೆ ನಾಳೆ ಎಲ್ಲ ಕಡೆ ಹಗ್ಗ ಸರಿಸಿ ಎನ್ನುತ್ತಾರೆ ಎಂದರು ಮೇಡಂ, ಗದರಿಕೆಯಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ. ಮೇಲಿನವು ಬದುಕಿವೆ ಎಂದು ನಿಮಗೆ ಹೇಗೆ ಗೊತ್ತು ಎಂದೂ ಕೇಳಿದರು.

ಅಕ್ಕ ಚೀಲದಿಂದ ಆ ಸುರುಳಿಯನ್ನು ತೆಗೆದುಕೊಟ್ಟಳು. ಎರಡು ದಿನದಲ್ಲಿ ಒಣಗಿ ನಾರಾಗಿತ್ತು, ಬೆಳ್ಳಗಿನ ತುದಿ ಕಪ್ಪಾಗಿತ್ತು, ಹಸಿಯ ಸುಳಿವೇ ಇರಲಿಲ್ಲ. ಅವಳು ತೋರಿಸಬೇಕೆಂದಿದ್ದ ಜೀವ ಅದರಲ್ಲಿರಲಿಲ್ಲ. ಅವಳಿಗೆ ಅಳು ಒತ್ತಿಕೊಂಡು ಬಂತು. ಮೇಡಂ ಮಾತ್ರ ಅದನ್ನು ದಾರಿಯ ಮೇಲೆ ಉದ್ದಕ್ಕೆ ಬಿಡಿಸಿಟ್ಟು, ಎದ್ದು ನಿಂತು, ಈ ತುದಿಯಿಂದ ಆ ತುದಿಗೆ ನೋಡಿದರು. ನೆಡುವಾಗ ಬೇರು ಎಷ್ಟಿತ್ತು ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ತಮ್ಮ ಮುಂಗೈ ತೋರಿಸಿದರು, ಇಷ್ಟು ಎಂದು. ಮೇಡಂ ಇಳಿಜಾರಿನ ಮೇಲ್ಭಾಗವನ್ನು ನೋಡಿದರು.

"ಒಂದೇ ಗಿಡ ನೋಡಿ ಹೇಳೋಕಾಗಲ್ಲ. ಇನ್ನೆರಡು ಕಿತ್ತು ತೋರಿಸಿ."

ಮೇಷ್ಟ್ರು ಹೊರಟರು. ಅಕ್ಕ ಹೋಗಿ ಅವರ ಎದುರು ನಿಂತಳು, ಎರಡೂ ಕೈ ಅಗಲಿಸಿ, ಕೋಳಿಮರಿ ಅಡ್ಡಗಟ್ಟುವವಳ ಹಾಗೆ.

"ಬೇಡ ಮೇಡಂ. ಬದುಕಿದೆ ಅಂತ ಗೊತ್ತಾಗ್ಬೇಕು ಅಂದ್ರೆ ಸಾಯಿಸ್ಬೇಕು. ನಾನು ಸಾಯಿಸಿದ್ದು ಸಾಲದಾ?" ಆಮೇಲೆ, ಯಾರಿಗೂ ಮನೆಯ ವಿಷಯ ಹೇಳಬಾರದು ಎಂದುಕೊಂಡಿದ್ದವಳು ಹೇಳಿಯೇಬಿಟ್ಟಳು: "ನಮ್ಮ ಮನೆಯವರಿಗೆ ದೂಳು ಆಗಲ್ಲ. ಇದು ಹೋದ್ರೆ ಅವರೂ ಹೋಗ್ತಾರೆ. ಒಂದು ಮಳೆ ಬರೋ ತನಕ ಬಿಡಿ. ಅಷ್ಟೇ ಕೇಳೋದು."

ಮೇಡಂ ಟೋಪಿ ಸರಿಮಾಡಿಕೊಂಡರು. ಕಲ್ಲೊಂದರ ಮೇಲೆ ಕೂತು ಬರೆದರು. ಬರೆದದ್ದನ್ನು ಮೇಷ್ಟ್ರಿಗೆ ಓದಿ ಹೇಳಿದರು. ಕೆಳಗಿನ ಸಾಲು ಸತ್ತಿದೆ. ಮೇಲಿನದು ಈಗ ಹೇಳುವಂತಿಲ್ಲ, ಮೊದಲ ಮಳೆಯ ನಂತರ ನೋಡುವುದು. ಮಳೆಗಾಲ ಮುಗಿಯುವವರೆಗೂ ಮಳೆ ಬಾರದಿದ್ದರೆ ಕಂಪನಿ ತನ್ನ ಕೆಲಸ ಮಾಡಬಹುದು. ಅಲ್ಲಿಯವರೆಗೆ ಬೇಲಿಯೊಳಗೆ ಯಾರೂ ಕಾಲಿಡಕೂಡದು.

"ನೀವೂ," ಅಂದರು ಅಕ್ಕನತ್ತ ತಿರುಗಿ. "ಮೊದಲು ನೀವು."

ಮನೆಯಲ್ಲಿ ಅವಳು ಮಳೆಯ ತನಕ ರಜೆ ಎಂದಷ್ಟೇ ಹೇಳಿದಳು. ಕೆಳಗಿನ ಸಾಲಿನ ಮಾತೆತ್ತಲಿಲ್ಲ. ಎತ್ತಿದರೆ ಅವನು ತಮಾಷೆ ಮಾಡುತ್ತಾನೆ, ಆ ತಮಾಷೆಯನ್ನು ಅವಳು ತಡೆಯಲಾರಳು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ, ಅವಳಿಗೇ ಗೊತ್ತು. ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಒಲೆಯ ಮೇಲಿಟ್ಟದ್ದು ಸೀದುಹೋಯಿತು. ದಿನಕ್ಕೊಮ್ಮೆಯಾದರೂ ಬೇಲಿಯ ತನಕ ಹೋಗಿ ತಂತಿ ಹಿಡಿದು ನಿಲ್ಲುವಳು. ಅಲ್ಲಿಂದ ಕಾಣುವುದು ಬರೀ ಕಡ್ಡಿ, ಕಡ್ಡಿ, ಕಡ್ಡಿ. ಹೂತ ಕೊಂಬೆಯೂ ಅದೇ, ನೆಟ್ಟ ಗಿಡವೂ ಅದೇ. ಕೈ ತುರಿಸುತ್ತಿತ್ತು. ಬುಲ್ಡೋಜರಿನವನು ಒಳ್ಳೆಯವನೇ. ಅಕ್ಕ, ನಿಮಗೂ ಕೆಲಸ ಇಲ್ಲ, ನನಗೂ ಇಲ್ಲ, ಬನ್ನಿ ಟೀ ಕುಡಿಯೋಣ ಎಂದು ಫ್ಲಾಸ್ಕ್ ಎತ್ತಿ ತೋರಿಸುವನು. ಅವಳು ಕುಡಿಯುವಳು. ಕುಡಿಯುತ್ತ ಅವನ ಯಂತ್ರದ ಹಲ್ಲುಗಳನ್ನು ನೋಡುವಳು. ಅವನೂ ಆಕಾಶ ನೋಡುವನು, ಇವಳೂ ನೋಡುವಳು, ಬೇರೆ ಬೇರೆ ಆಸೆಯಿಂದ. ಮೋಡ ಬರುತ್ತಿತ್ತು, ಊರಿನ ಮೇಲೆ ನಿಂತು ಯೋಚನೆ ಮಾಡುತ್ತಿತ್ತು, ಮುಂದೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಹಿಂದೆಂದೂ ಬಾರದಂಥ ಗಾಳಿ ಬಂತು. ಬೀದಿ ಕಾಣದಾಯಿತು. ಬಟ್ಟೆ ತುರುಕಿದ ಸಂದಿಯಿಂದಲೇ ದೂಳು ಹಿಟ್ಟಿನ ಹಾಗೆ ಉದುರಿತು. ಡ್ರೈವರನ ತುಟಿ ಕಪ್ಪಿಟ್ಟಿತು. ಒದ್ದೆ ಟವೆಲನ್ನು ಅವನ ಮುಖದ ಮುಂದೆ ಹಿಡಿದು ಅವಳು ಕೈ ನೋವಾದರೂ ಇಳಿಸದೆ ನಿಂತಳು. ಅವನು ಏನೋ ಹೇಳಲು ಹೋದ, ಬೇಡ ಎಂದು ತಲೆಯಾಡಿಸಿದಳು. ಇನ್ನೊಂದು ಇಂಥ ಗಾಳಿಯನ್ನು ಇವನು ತಡೆಯುವುದಿಲ್ಲ ಎಂದು ಅವಳಿಗೆ ಅಂದು ಖಚಿತವಾಯಿತು. ಗಾಳಿಯ ಬಾಲ ಹಿಡಿದುಕೊಂಡು ಸಂಜೆಗೆ ಗುಡುಗು ಬಂತು. ಬಿದ್ದರೆ ಬಿತ್ತು ಎನ್ನುವಂತೆ ದಪ್ಪ ದಪ್ಪ ಹನಿ ತಗಡಿನ ಮೇಲೆ ಬಿತ್ತು. ಆಮೇಲೆ ಸುರಿಯಿತು. ಅವಳು ಟವೆಲನ್ನು ಇಳಿಸಿ ನೆಲದ ಮೇಲೆ ಕೂತು, ಸದ್ದಾಗದ ಹಾಗೆ ಅತ್ತಳು.

ಮರುದಿನ ಇಳಿಜಾರಿನಲ್ಲಿ ಏನೂ ಇರಲಿಲ್ಲ. ಅದರ ಮರುದಿನವೂ ಒದ್ದೆ ಕಡ್ಡಿಗಳೇ. ಬೇಲಿಯ ತನಕ ಹೋಗಲು ಅವಳಿಗೆ ಧೈರ್ಯ ಸಾಲದೆ ಹೋಯಿತು. ಅತ್ತ ನೋಡದೆ ಪಾತ್ರೆ ತೊಳೆದಳು, ಅತ್ತ ನೋಡದೆ ಅಂಗಳ ಗುಡಿಸಿದಳು. ಹಾಗೆ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ಅವಳು ಒಳಗೆ ಹಿಟ್ಟು ನಾದುತ್ತಿದ್ದಾಗ ಡ್ರೈವರ್ ಕರೆದ. ಹೋಗಿ ನೋಡಿದರೆ ಮಹಾರಾಯ ಸಂದಿಯ ಬಟ್ಟೆಗಳನ್ನೆಲ್ಲ ಕಿತ್ತು ಕಿಟಕಿ ತೆಗೆದು ಕೂತಿದ್ದ. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.

ಇಳಿಜಾರಿನ ಮೇಲಿನಿಂದ ಮುಕ್ಕಾಲು ಭಾಗ ಬೂದುಹಸಿರಾಗಿತ್ತು. ಬೋಳಿಸಿದ ತಲೆಯಲ್ಲಿ ಕೂದಲು ಮೂಡುವಾಗ ಇರುತ್ತದಲ್ಲ, ಹಾಗೆ, ಹೌದೋ ಅಲ್ಲವೋ ಎನ್ನುವಂತೆ. ಬೇಲಿಯ ಹೊರಗೆ ಮೇಷ್ಟ್ರು ಆ ತುದಿಯಿಂದ ಈ ತುದಿಗೆ ಓಡಾಡುತ್ತಿರುವುದು ಇಲ್ಲಿಗೂ ಕಾಣುತ್ತಿತ್ತು. ಒಳಗೆ ಹೋಗಲಾರದೆ ಒದ್ದಾಡುತ್ತಿದ್ದರು ಪಾಪ. ಬುಲ್ಡೋಜರಿನವನು ತನ್ನ ಹಾಸಿಗೆ ಸುತ್ತುತ್ತಿದ್ದ.

"ಎದ್ವಲ್ಲೇ ನಿನ್ನ ಮಕ್ಕಳು," ಅಂದ ಡ್ರೈವರ್.

ಅವಳು ಹಿಟ್ಟಿನ ಕೈಯಲ್ಲೇ ಕಿಟಕಿಯ ಸರಳು ಹಿಡಿದಳು. ಅವನು ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು ಒಂದು ಕಡೆ ನಿಲ್ಲಿಸಿದ.

"ಅದೇನೇ ಅಲ್ಲಿ, ದಾರಿ ಪಕ್ಕ? ಅಲ್ಲಿ ಮಾತ್ರ ಏನೂ ಇಲ್ವಲ್ಲ. ಅಲ್ಲಿ ನೆಟ್ಟಿರಲಿಲ್ವಾ?"

"ನೆಟ್ಟಿದ್ವಿ," ಅಂದಳು ಅಕ್ಕ. "ಅವು ನಾನು ನೋಡ್ಕೊಳ್ತಿದ್ದ ಗಿಡಗಳು."

ಡ್ರೈವರ್ ಅವಳ ಮುಖ ನೋಡಿದ. ತಮಾಷೆ ಮಾಡಲಿಲ್ಲ.

ಹಸಿರಿನ ಅಂಚಿಗೆ ಆ ಬೋಳು ಸಾಲು ಊರಿಗೆಲ್ಲ ಕಾಣುವಷ್ಟು ಸ್ಪಷ್ಟವಾಗಿತ್ತು. ಗೇಟಿನ ಹತ್ತಿರ ಶುರುವಾಗಿ, ಕಾಲುದಾರಿ ತಿರುಗಿದಲ್ಲಿ ತಾನೂ ತಿರುಗಿ, ಅವಳ ಮಂಡಿ ನೋಯಲು ತೊಡಗುವ ಏರಿನವರೆಗೆ ಬಂದು, ಅಲ್ಲಿಗೆ ನಿಂತಿತ್ತು.